ಟ್ಯೂಬು ತುಂಬುವಷ್ಟು ಎಂಜಲು

ದೇರೆಬೈಲ್, ಮಂಗಳೂರು
೧೨-೩-೧೯೮೫

ಸೌ. ವಿನೋದಾಳಿಗೆ,

ನಾನು ಕ್ಷೇಮ. ಅತ್ತೆಯವರ ಕಾಲುನೋವು ಕಡಿಮೆಯಾಗಿರಬಹುದು. ನೀನು ತಾಯಿಮನೆಗೆ ಹೋದ ಮೇಲೆ ಇಲ್ಲಿ ಒಲೆ ಹಚ್ಚಿಲ್ಲ, ಊಟ ಕಂಕನಾಡಿಯ ಹೋಟೆಲಿನಲ್ಲಿ.

ನಮ್ಮ ಲ್ಯಾಬಿನಲ್ಲಿ ಹೊಸ ಸಂಶೋಧನೆ ನಡೆಯುತ್ತಿದೆ. ಬಾಯಿ, ಕರುಳುಗಳ ಒಳಪದರಕ್ಕೆ ರೋಗ ತಾಗದಂತೆ ಕಾಯುವ ಪ್ರತಿಕಾಯ ಎಂಜಲಿನಲ್ಲಿ ಎಷ್ಟು ಉಂಟೆಂದು ಅಳೆಯುವುದು. ಮುಂದೊಂದು ದಿನ ಅದನ್ನು ಮನುಷ್ಯರ ಹಂಗಿಲ್ಲದೆ ಬಾಟಲಿಯಲ್ಲೇ ತಯಾರಿಸುತ್ತಾರಂತೆ. ಸದ್ಯಕ್ಕೆ ಆರೋಗ್ಯವಂತರ ಎಂಜಲೇ ಬೇಕು. ಹಾಗಾಗಿ ಟೆಕ್ನೀಷಿಯನ್‌ಗಳಾದ ನಾವು ದಿನಾ ಬೆಳಿಗ್ಗೆ ಒಂದೊಂದು ಟ್ಯೂಬು ಕೊಡುತ್ತೇವೆ. ಬಾಯಲ್ಲಿ ನೀರೂರಲು ಏನಾದರೂ ಹುಳಿ ನೆನೆಸಿಕೊಳ್ಳಬೇಕು. ನಾನು ನಿನ್ನ ಬಿಂಬುಳಿ ಉಪ್ಪಿನಕಾಯಿ ನೆನೆಸುತ್ತಿದ್ದೆ. ಎಲ್ಲರಿಗಿಂತ ಮೊದಲು ನನ್ನ ಟ್ಯೂಬೇ ತುಂಬುತ್ತಿತ್ತು.

ಈ ವಾರ ಅರ್ಧವೂ ತುಂಬಲಿಲ್ಲ. "ಎಂತ ಮಾರಾಯ್ರೆ, ಹುಷಾರಿಲ್ವಾ?" ಎಂದು ಡಾಕ್ಟ್ರು ಕೇಳಿದರು. ಉಪ್ಪಿನಕಾಯಿ ನೆನೆಸಿದರೆ ಈಗ ಅದರ ರುಚಿ ಬರುವುದಿಲ್ಲ. ಹುಳಿ ಜಾಸ್ತಿಯಾಯಿತೆಂದು ನಾನು ಬಟ್ಟಲು ದೂಡಿದ್ದು, ನೀನು ಮಾತಾಡದೆ ನೆಲ ಒರೆಸಿದ್ದು ಕಣ್ಣಿಗೆ ಬರುತ್ತದೆ. ಬಾಯಿ ಒಣಗುತ್ತದೆ.

ನಿನ್ನ ಅಣ್ಣ ಹಂಪನಕಟ್ಟೆಗೆ ಬರುವಾಗ ಅವರ ಕೈಯಲ್ಲಿ ಒಂದು ಹಾರ್ಲಿಕ್ಸ್ ಬಾಟಲಿಯಷ್ಟು ಉಪ್ಪಿನಕಾಯಿ ಕಳಿಸಬಹುದೇ? ನೀನೇ ತರುವುದಾದರೆ, ಇನ್ನೊಂದು ಬೀಗದ ಕೈ ನಿನ್ನ ಹತ್ತಿರವೇ ಉಂಟು.

ಹುಳಿ ಕಡಿಮೆ ಮಾಡಬೇಡ.

ಇತಿ,
ಸರ್ವೋತ್ತಮ