ಅವ್ವನ ಬಾಗಿಲಿಗೆ ಕೋಲು

ಏಪ್ರಿಲ್ ಒಂದು, ಬೆಳಿಗ್ಗೆ

ಅಧಿಕಾರದ ಗುರುತಾದ ಕೋಲುಗಳ ಕಟ್ಟನ್ನು ಎಣ್ಣೆ ಸವರಿ ಒರೆಸಿದೆ. ಕೆಂಪು ಪಟ್ಟಿ ಬಿಗಿದೆ. ನ್ಯಾಯಾಧೀಶರಾದ ಪ್ರೇಟರ್ ಸಾಹೇಬರ ವಿಚಾರಣೆ ಇದೆ — ತಡವಾದರೆ ಬೈಗುಳ. ಅವರಿಗೆ ದಾರಿ ಬಿಡಿಸುವ ದಂಡಧಾರಿಗಳು ನಾವಿಬ್ಬರೇ, ನಾನು ಮುಂದೆ, ಸಾಲ್ವಿಯಸ್ ಹಿಂದೆ. ಎಡಹೆಗಲಿಗೆ ಕಟ್ಟು, ಬಲಗೈಯಲ್ಲಿ ಒಂಟಿ ಕೋಲು. ನನ್ನನ್ನು ಕಂಡರೆ ಇಡೀ ರೋಮ್ ಗೋಡೆಗೆ ಅಂಟಿಕೊಳ್ಳುತ್ತದೆ. ಸುಳ್ಳು ಯಾಕೆ, ಅದು ನನಗೆ ಇಷ್ಟ.

ಅದೇ ದಿನ, ಸಂಜೆ

ಬರೆಯಲು ಕೈ ಬರುತ್ತಿಲ್ಲ.

ಸುಬುರಾ ಓಣಿ. ಇಕ್ಕಟ್ಟು. ಎದುರಿಗೆ ಬಟ್ಟೆಗಂಟು ಹೊತ್ತ ಹೆಂಗಸು, ಮುಖ ಕಾಣುತ್ತಿರಲಿಲ್ಲ. "ದಾರಿ ಬಿಡಿ!" ಎಂದೆ. ಭಾರಕ್ಕೆ ಅವಳಿಗೆ ಸರಿಯಲಾಗಲಿಲ್ಲ. ಕೋಲಿನಿಂದ ತಳ್ಳಿದೆ. ಗಂಟು ಕೆಸರಿಗೆ ಬಿತ್ತು. ತಲೆ ಎತ್ತಿದಳು — ಅವ್ವ.

ಸಾಹೇಬರು ರೇಗಿದರು. "ಗರತಿಯರನ್ನ ದಾರಿಯಿಂದ ತಳ್ಳಬಾರದು ಅಂತ ಗೊತ್ತಿಲ್ವೇನೋ? ಯಾರ ಮನೆಯವಳು ಈಕೆ?"

ಕೆಲಸ ಹೋಯಿತು ಅಂದುಕೊಂಡೆ. ಬಾಯಿಂದ ಬಂದೇಬಿಟ್ಟಿತು. "ಗರತಿ ಅಲ್ಲ ಸ್ವಾಮಿ. ಯಾವಳೋ ಬಟ್ಟೆ ಒಗೆಯೋಳು."

ಅವ್ವ ನನ್ನನ್ನೇ ನೋಡಿದಳು. ಆಮೇಲೆ ತಲೆ ತಗ್ಗಿಸಿ, "ಹೌದು ಒಡೆಯಾ, ಒಗೆಯೋಳೇ. ನಂದೇ ತಪ್ಪು."

ಥೂ, ನನ್ನ ಜನ್ಮಕ್ಕೆ.

ಏಪ್ರಿಲ್ ಎರಡು

ಸಾಲ್ವಿಯಸ್ ಬಿಡಲಿಲ್ಲ. "ಲೇ ಫೌಸ್ಟಸ್, ಅದು ನಿಮ್ಮವ್ವ ಕಣೋ! ಹಬ್ಬಕ್ಕೆ ನಂಗೂ ಜೇನಿನ ರೊಟ್ಟಿ ಕೊಟ್ಟೋಳು. ಹೋಗಿ ಮೊಣಕಾಲು ಹಿಡಿದು ತಪ್ಪಾಯ್ತು ಅನ್ನೋ, ನಾಚಿಕೆಗೆಟ್ಟೋನೆ."

ನಾಳೆ ಹೋಗ್ತೀನಿ ಅಂದೆ.

ಏಪ್ರಿಲ್ ಹನ್ನೊಂದು

ಹೋಗಲಿಲ್ಲ. ಇವತ್ತು ಮತ್ತೆ ಸುಬುರಾ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಗೋಡೆಗೆ ಸರಿದಳು. ಪಕ್ಕದವಳನ್ನೂ ಎಳೆದಳು — "ಸರಿಯೇ ಈಚೆ, ದೊಡ್ಡೋರು ಬರ್ತಿದಾರೆ." ಅಣಕವಲ್ಲ. ನಿಜಕ್ಕೂ ಹೆದರಿದ್ದಳು. ಅಣಕಿಸಿದ್ದರೆ ತಡೆದುಕೊಳ್ಳುತ್ತಿದ್ದೆ.

ಏಪ್ರಿಲ್ ಹನ್ನೆರಡು, ಸಂಜೆ

ಹೋದೆ. ಕೆಲಸ ಮುಗಿಸಿ ನೇರ. ಕಟ್ಟನ್ನು ಸಾಲ್ವಿಯಸ್‌ಗೆ ಕೊಟ್ಟಿದ್ದೆ, ಒಂಟಿ ಕೋಲು ಕೈಯಲ್ಲೇ ಉಳಿದದ್ದು ಗೊತ್ತಾಗಲಿಲ್ಲ. ಅವ್ವನಿಗೆ ಇಷ್ಟ ಅಂತ ಒಣ ಅಂಜೂರ ಒಯ್ದಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಬಾಗಿಲಿಗೆ ಬಂದೆ, ಕುಟ್ಟಿದೆ… ಕೋಲಿನಿಂದ. ಸಾಹೇಬರು ಬಂದರೆಂದು ಊರಿನ ಬಾಗಿಲುಗಳನ್ನು ಕುಟ್ಟುವ ಹಾಗೆಯೇ.

ಒಳಗೆ ಪಾತ್ರೆ ಉರುಳಿತು. "ಬಂದೆ ಒಡೆಯಾ, ಬಂದೆ!"

ತೆರೆದಳು. ನನ್ನ ಬೆನ್ನ ಹಿಂದೆ ಇಣುಕಿದಳು. ಯಾರೂ ಇಲ್ಲ. ಆದರೂ ಗೋಡೆಗೆ ಒತ್ತಿ ನಿಂತು, ತನ್ನ ಮನೆಯಲ್ಲೇ ನನಗೆ ದಾರಿ ಬಿಟ್ಟಳು.

"ಅವ್ವಾ" ಎಂದೆ.

"ಯಾರ ಮನೆ ಬೇಕಿತ್ತು ಸ್ವಾಮಿ? ಇಲ್ಲಿರೋಳು ಯಾವಳೋ ಬಟ್ಟೆ ಒಗೆಯೋಳು."

ಕೋಲು ಬಿಸಾಕಿ ಮೊಣಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ಬಿದ್ದ ಕೋಲನ್ನು ಎತ್ತಿ, ಒರೆಸಿ, ತಲೆ ತಗ್ಗಿಸಿ ಎರಡೂ ಕೈಯಲ್ಲಿ ನನಗೆ ಚಾಚಿದಳು.