ಒಂದೇ ದಿನಾಂಕದ ಬಸ್ಸುಗಳು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ತಂಗಿಯ ನಮಸ್ಕಾರ. ಅಮ್ಮನ ಮನೆಯಲ್ಲಿ ನಿನಗೆ ಸ್ವಲ್ಪ ವಿಶ್ರಾಂತಿ ಸಿಕ್ಕಿದೆ ಎಂದುಕೊಂಡಿದ್ದೇನೆ. ನೀನು ಫೋನ್ ಮಾಡಿದಾಗಲೆಲ್ಲ ಎತ್ತದೆ ಬಿಟ್ಟೆ, ಸಿಟ್ಟಾಗಬೇಡ. ಎತ್ತಿದ್ದರೆ ನನ್ನ ದನಿಯೇ ಎಲ್ಲವನ್ನೂ ಹೇಳಿಬಿಡುತ್ತಿತ್ತು.

ನಮ್ಮ ಡಿಪೋದ ಬಸ್ಸು ಇಳಿಜಾರಿನಲ್ಲಿ ಗೋಡೆಗೆ ಗುದ್ದಿದ್ದು ನಿನಗೆ ಗೊತ್ತು. ಡ್ರೈವರ್ ಇನ್ನೂ ಆಸ್ಪತ್ರೆಯಲ್ಲಿದ್ದಾನೆ. ಅವನೇ ತೂಕಡಿಸಿದ ಎಂದು ಎಲ್ಲರೂ ತೀರ್ಮಾನಿಸಿಯಾಗಿತ್ತು. ಅಷ್ಟರಲ್ಲಿ ಹೆಡ್ ಆಫೀಸಿನಿಂದ ತನಿಖೆಗೆ ಒಬ್ಬ ಮೇಡಂ ಬಂದರು. ಸಣ್ಣ ವಯಸ್ಸು, ದೊಡ್ಡ ಕನ್ನಡಕ. ಬ್ರೇಕ್ ಕೈಕೊಟ್ಟ ಬಸ್ಸುಗಳ ಸರಿಯಾದ ವರದಿ ಬೇಕು, ಅದನ್ನು ಡಿಪೋದ ಗುಮಾಸ್ತೆಯಾದ ನಾನೇ ತಯಾರಿಸಬೇಕು, ಪಿವಟ್ ಟೇಬಲ್ ಮಾಡುವುದನ್ನು ತಾವು ಕಲಿಸುವುದಾಗಿ ಹೇಳಿದರು. ತಾವೇ ಮಾಡಬಹುದಾದದ್ದನ್ನು ನನಗೇಕೆ ಕಲಿಸಬೇಕು? ನಾಳೆ ಎಡವಟ್ಟಾದರೆ ನನ್ನ ತಲೆಗೆ ಕಟ್ಟುವುದಕ್ಕೇ ಇರಬೇಕು ಅನ್ನಿಸಿತು. ಅವರು ತರಿಸಿದ ಟೀಯನ್ನೂ ಅನುಮಾನದಿಂದಲೇ ಕುಡಿದೆ.

ಕಲಿಯುವುದೇನೋ ಕಷ್ಟವಾಗಲಿಲ್ಲ. ಎಕ್ಸೆಲ್ ಹಾಳೆಯಲ್ಲಿರುವ ಸಾಲುಗಳನ್ನು ಕಂಪ್ಯೂಟರೇ ಗುಂಪು ಮಾಡಿ ಎಣಿಸಿಕೊಡುತ್ತದೆ. ಯಾವುದರ ಪ್ರಕಾರ ಬೇಕೋ ಅದನ್ನು ಎಳೆದು ಹಾಕಿದರಾಯಿತು. ಡ್ರೈವರ್ ಪ್ರಕಾರ ಹಾಕಿದೆ. ಆಸ್ಪತ್ರೆಯಲ್ಲಿರುವವನ ಹೆಸರಿನ ಮುಂದೆ ಬೇರೆಯವರಿಗಿಂತ ಹೆಚ್ಚೇನೂ ಇರಲಿಲ್ಲ. ಕೊನೆಯ ತಪಾಸಣೆಯ ದಿನದ ಪ್ರಕಾರ ಹಾಕಿದೆ. ಎಲ್ಲ ಚೆಲ್ಲಾಪಿಲ್ಲಿ. ಇನ್ನೇನು ಮುಚ್ಚಬೇಕು, ಮೇಡಂ ತಡೆದರು.

"ಒಂದೇ ತಾರೀಕನ್ನ ಒಬ್ಬೊಬ್ರು ಒಂದೊಂದು ಥರ ಟೈಪ್ ಮಾಡಿದ್ದಾರೆ ನೋಡಿ. ಅದಕ್ಕೇ ಬೇರೆ ಬೇರೆ ಸಾಲಾಗಿದೆ."

ತಿದ್ದಿ ರಿಫ್ರೆಶ್ ಒತ್ತಿದೆ. ಚೆದುರಿದ್ದರಲ್ಲಿ ಬಹುಪಾಲು ಒಂದೇ ದಿನಾಂಕದ ಮುಂದೆ ಬಂದು ಕೂತಿತು. ಆ ಅಂಕಿಯ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಒಳಗಿನ ಸಾಲುಗಳು ಬಿಚ್ಚಿಕೊಳ್ಳುತ್ತವೆ. ಗೋಡೆಗೆ ಗುದ್ದಿದ ಬಸ್ಸೂ ಅಲ್ಲಿತ್ತು. ಅಷ್ಟೂ ಬಸ್ಸುಗಳನ್ನು ತಪಾಸಣೆ ಮಾಡಿ ಬಿಟ್ಟವರು ಒಬ್ಬರೇ: ನಮ್ಮ ಭಾವ.

ಈ ಮೇಡಂ ಏನೋ ಕೈಚಳಕ ಮಾಡಿದ್ದಾರೆ ಎಂದುಕೊಂಡು, ಅವರು ಊಟಕ್ಕೆ ಹೋದಾಗ ಗ್ಯಾರೇಜಿನ ಕಾರ್ಡುಗಳನ್ನು ತರಿಸಿ ತಾಳೆ ನೋಡಿದೆ. ಸಹಿ ಭಾವನದೇ.

ಸಂಜೆ ನಿಮ್ಮ ಮನೆಗೆ ಬಂದು ಕೇಳಿದೆ. ಭಾವ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು.

"ಆವತ್ತು ನಿಮ್ಮಕ್ಕನ ಆಪರೇಷನ್. ಇಡೀ ದಿನ ಅವಳ ಹತ್ರಾನೇ ಇದ್ದೆ. ಸಾಯಂಕಾಲ ಹೋಗಿ ಸಹಿ ಹಾಕ್ದೆ, ಗಾಡಿ ನೋಡ್ಲಿಲ್ಲ. ಆ ಒಂದು ದಿನಾನ ತೆಗೆದುಬಿಡೋಕಾಗಲ್ವಾ?"

ಆಗುತ್ತದೆ ಅಕ್ಕ. ಫಿಲ್ಟರಿನಲ್ಲಿ ಒಂದು ಟಿಕ್ ತೆಗೆದರೆ ಆ ದಿನವೇ ಮಾಯ.

"ಆಗುತ್ತೆ ಭಾವ. ಆದ್ರೆ ಆ ಡ್ರೈವರ್‌ಗೆ ಏನು ಹೇಳ್ಲಿ?"

ಆಮೇಲೂ ಮತ್ತೆ ಮತ್ತೆ ಅದೇ ಮಾತು ಆಡಿದೆವು. ಕೊನೆಗೆ ಅವರು ಬೇಡಿಕೊಂಡದ್ದು ಇಷ್ಟೇ: ನಿನಗೆ ಹೇಳಬಾರದು, ನಿನ್ನಿಂದಲೇ ಹೀಗಾಯಿತೆಂದು ನೀನು ಕೊರಗುತ್ತೀಯ. ಮಾತು ಕೊಟ್ಟೆ.

ಕಳೆದ ಸೋಮವಾರ ವರದಿ ಕೊಟ್ಟೆ, ಆ ದಿನವನ್ನೂ ಸೇರಿಸಿ. ಡ್ರೈವರ್ ಮೇಲಿನ ಆರೋಪ ಕೈಬಿಟ್ಟರು. ಭಾವನನ್ನು ಅಮಾನತು ಮಾಡಿದ್ದಾರೆ. ಡ್ರೈವರ್‌ನ ಹೆಂಡತಿ ಬಂದು ನನ್ನ ಕೈ ಹಿಡಿದುಕೊಂಡಳು. ಬಿಡಿಸಿಕೊಂಡು ಓಡಿಹೋಗೋಣ ಅನ್ನಿಸಿತು. ಭಾವ ಊಟ ಸರಿಯಾಗಿ ಮಾಡುತ್ತಿಲ್ಲ. ನೀನು ಬಂದರೆ ಮಾಡುತ್ತಾರೆ.

ಅಮ್ಮನಿಗೆ ನಮಸ್ಕಾರ ಹೇಳು. ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ. ಚೆನ್ನಾಗಿ ಓದಿಕೊಳ್ಳಲಿ, ನಗುನಗುತ್ತಾ ಇರಲಿ.

ನಿನ್ನ
ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಅಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ನೀನು ಅಲ್ಲಿಗೆ ಹೋದದ್ದು ವಿಶ್ರಾಂತಿಗಲ್ಲವಂತೆ. ನಾನೂ ಭಾವನೂ ಹಿತ್ತಲಲ್ಲಿ ಗುಸುಗುಸು ಮಾತಾಡಿ, ನೀನು ಬಂದ ಕೂಡಲೇ ಸುಮ್ಮನಾಗುವುದನ್ನು ನೋಡಿ ನಮ್ಮಿಬ್ಬರ ನಡುವೆ ಏನೋ ಇದೆ ಅಂದುಕೊಂಡೆಯಂತೆ. ಮಾತಾಡಿದ್ದು ಇದನ್ನೇ. ಕೊಟ್ಟ ಮಾತು ಮುರಿದು ಬರೆದಿದ್ದೇನೆ. ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು ನೀನು. ಅಮ್ಮನ ಮನೆಗೆ ಹೊರಡುವ ಮೊದಲು ನನ್ನನ್ನೇ ಒಂದು ಮಾತು ಕೇಳಬಾರದಿತ್ತೇ ಅಕ್ಕ?