ಮಾರ್ಚ್ ತಿಂಗಳಿಗೆ ಬಂದ ಕ್ರಿಸ್ಮಸ್

ಬೆಟಗೇರಿ
ನಮ್ಮ ಮನೆಯ ಕ್ರಿಸ್ಮಸ್ ದಿನ, ಮಾರ್ಚ್ ಹದಿನಾಲ್ಕು, ಕ್ರಿಸ್ತಶಕ ೨೧೮೭

ಲಾರಿಯ ಕಾಲದ ಹಿರಿಯರಿಗೆ ಕೃಪಾವತಿ ಮೆಣಸಿನಕಾಯಿಯ ವಂದನೆಗಳು.

ತಾರೀಖು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ಇಸವಿಯೂ ಸರಿ, ತಿಂಗಳೂ ಸರಿ. ನಿಮ್ಮ ಮೊಮ್ಮಕ್ಕಳ ಮೊಮ್ಮಗಳು ನಾನು. ನೀವು ಕೇಳರಿಯದ ಮಾತುಗಳು ನಡುವೆ ಬಂದರೆ ಮನ್ನಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ಬಿಸಿಲು ಏರಿದ್ದರಿಂದ ನಮ್ಮ ಬೀದಿಗಳ ಮೇಲೆಲ್ಲ ಬಳ್ಳಿ ಹಬ್ಬಿಸಿದ್ದೇವೆ, ಅವಕ್ಕೆ ನೆರಳುಬೀದಿ ಎನ್ನುತ್ತೇವೆ. ಅವುಗಳಡಿ ಚಕ್ರವಿಲ್ಲದ ತೇಲುಬಂಡಿಗಳು ನೆಲದಿಂದ ಗೇಣುದ್ದ ಮೇಲೆ ಸದ್ದಿಲ್ಲದೆ ಓಡುತ್ತವೆ. ಹಿಟ್ಟು ನಾದುವುದಕ್ಕೂ ಮನೆಗೆ ದೀಪ ಕಟ್ಟುವುದಕ್ಕೂ ಯಂತ್ರಗಳಿವೆ. ಇಷ್ಟೆಲ್ಲ ಇದ್ದ ಮೇಲೆ ಡಿಸೆಂಬರಿನಲ್ಲಿ ನಾವು ಕಾಲು ಚಾಚಿ ಕೂರುತ್ತಿದ್ದೆವು ಎಂದು ನೀವು ತಿಳಿದರೆ ಅದು ನಿಮ್ಮ ಭ್ರಮೆ. ನನ್ನ ಹರೆಯದಲ್ಲಿ ಆ ತಿಂಗಳು ಉಸಿರಾಡಲೂ ಪುರುಸೊತ್ತಿರಲಿಲ್ಲ. ಕರ್ಚಿಕಾಯಿಗೆ ಯಂತ್ರ ಹೂರಣ ತುಂಬಿಕೊಟ್ಟರೆ, ಉಳಿದ ಹೊತ್ತಿನಲ್ಲಿ ಇನ್ನೂ ಹೆಚ್ಚು ಮನೆಗಳಿಗೆ ಹಂಚುವ ಕೆಲಸ ಹುಟ್ಟಿಕೊಳ್ಳುತ್ತಿತ್ತು.

ಆಗ ನಮ್ಮ ಕ್ರೈಸ್ತ ಸಭೆಯ ಕ್ಯಾರೋಲ್ ಮೇಳಕ್ಕೆ, ಎಂದರೆ ಮನೆಮನೆಗೆ ಹೋಗಿ ಕ್ರಿಸ್ತಜನನದ ಹಾಡು ಹಾಡುವ ಗುಂಪಿಗೆ, ನಾನೇ ಮುಂದಾಳು. ಈ ಪದ್ಧತಿ ನಿಮ್ಮಿಂದಲೇ ಬಂದದ್ದು. ನೀವು ಲಾರಿಯಲ್ಲಿ ಹೋದಿರಿ, ನಾವು ತೇಲುಬಂಡಿಯಲ್ಲಿ, ಅಷ್ಟೇ ವ್ಯತ್ಯಾಸ. ಅಂಗಳಕ್ಕೆ ನುಗ್ಗಿ ಒಂದು ಚರಣ ಹಾಡಿ, ‘ಹ್ಯಾಪಿ ಕ್ರಿಸ್ಮಸ್’ ಎಂದು ಕೂಗಿ, ಮುಂದಿನ ಮನೆಗೆ ಓಟ. ಹಬ್ಬದೊಳಗೆ ಊರೆಲ್ಲ ಮುಗಿಯಬೇಕು. ಒಂದು ಮನೆ ತಪ್ಪಿದರೂ ವರ್ಷವಿಡೀ ಮುನಿಸು.

ನಮ್ಮ ಸಭೆಯಲ್ಲಿ ಯೋನಾ ಕಾಕಾ ಎಂಬವರಿದ್ದರು. ನನಗೆ ಹಾಡು ಕಲಿಸಿದವರು. ಅವರು ಮಂದ್ರದಲ್ಲಿ ದನಿ ಎತ್ತಿದರೆ ಕೂತ ಬೆಂಚು ನಡುಗುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಆರಾಧನೆಗೆ ಬರುವುದನ್ನೇ ಬಿಟ್ಟರು. ವರ್ಷ ವರ್ಷವೂ ಅವರ ಅಂಗಳದಲ್ಲಿ ಹಾಡಿದೆವು, ಬಾಗಿಲು ಮಾತ್ರ ತೆರೆಯಲಿಲ್ಲ. ಸಭಾಪಾಲಕರು ಕಾರಣ ಕೇಳಲು ಹೋದರೆ ಕಾಕಾ ಚಹಾ ಕುಡಿಸಿ ಮಾತು ಮರೆಸುತ್ತಿದ್ದರು. ದೇವರ ಮೇಲೆ ಮುನಿದಿದ್ದಾರೆ ಎಂದು ಊರೇ ತೀರ್ಮಾನಿಸಿತು. ಆ ಮಂದ್ರವಿಲ್ಲದ ನಮ್ಮ ಹಾಡು ಉಪ್ಪಿಲ್ಲದ ಸಾರಿನಂತಿತ್ತು. ಕಾಕಾ ಮತ್ತೆ ನಮ್ಮ ನಡುವೆ ನಿಂತು ಹಾಡಲಿ ಎಂಬುದೊಂದೇ ಆಗ ನನ್ನ ಪ್ರಾರ್ಥನೆ.

ಆ ವರ್ಷ ನನ್ನ ತಂಗಿ ದೀನಾ ತುಂಬು ಬಸುರಿ. ಬೇಡವೆಂದರೂ ಮೇಳದೊಡನೆ ಬಂದಿದ್ದಳು. ಕಾಕಾನ ಅಂಗಳದಲ್ಲಿ ಚರಣ ಮುಗಿಸಿ ಎಲ್ಲರೂ ಬಂಡಿ ಹತ್ತಿದೆವು, ಅವಳು ಮಾತ್ರ ಕಟ್ಟೆ ಬಿಟ್ಟು ಏಳಲಿಲ್ಲ. ನಾನು ಗದರಿದೆ. ಮನೆತನದ ಹೆಸರಿಗೆ ತಕ್ಕ ಸಿಟ್ಟು ನನ್ನದು.

“ಅಕ್ಕಾ, ನನ್ನ ಕೂಸಿಗೇ ಅವಸರ ಇಲ್ಲ, ನಿನಗ್ಯಾಕ? ಉಳಿದ ಚರಣಾನೂ ಹಾಡ್ರಿ, ನಾ ಕೇಳತೀನಿ” ಎಂದಳು.

ಬೇರೆ ದಾರಿಯಿಲ್ಲದೆ ಇಳಿದು ಹಾಡಿದೆವು. ಮೂರನೆಯ ಚರಣ ಮುಗಿಯುವಷ್ಟರಲ್ಲಿ ಒಳಗಿನಿಂದ ಕೋಲು ಊರುವ ಸದ್ದು ಕೇಳಿಸಿತು. ಕೊನೆಯ ಚರಣದ ನಡುವೆ ಚಿಲಕ ಸರಿಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕರ್ಚಿಕಾಯಿಯ ತಟ್ಟೆ ಹಿಡಿದು ಕಾಕಾ ನಿಂತಿದ್ದರು.

“ಅಂತೂ ಸಿಕ್ಕಿರಿ ನೋಡ್ರಿ! ಈ ಮಣಕಾಲು ಹೊತ್ಕೊಂಡು ಬಾಗಲಾ ತೆಗಿಯೂದ್ರಾಗ ಪ್ರತಿ ವರ್ಷ ಓಡಿ ಹೋಗಿರ್ತಿದ್ರಿ. ನನ್ನ ಹಾಡು ಇವ್ರಿಗೆ ಬ್ಯಾಡಾಗೇತಿ ಅನ್ಕೊಂಡಿದ್ದೆ.”

ಬಾಗಿಲಲ್ಲಿ ನಿಂತು ತಟ್ಟುವ ಕರ್ತನ ಬಗ್ಗೆ ಬೈಬಲ್ ಹೇಳುವುದನ್ನು ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ತಟ್ಟಿ ಓಡಿಹೋಗುವ ಕರ್ತನನ್ನು ಯಾರೂ ನಮಗೆ ಬೋಧಿಸಿರಲಿಲ್ಲ, ಅದು ನಮ್ಮದೇ ಸಂಶೋಧನೆ. ಮೊದಲಿನಿಂದ ಮತ್ತೆ ಹಾಡು ಎತ್ತಿದೆ. ಕಾಕಾ ಮಂದ್ರ ಹಿಡಿದರು. ಕೂಸು ಒದೆಯಿತೆಂದು ದೀನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಎಲ್ಲರೆದುರೇ ಸಂತೋಷಕ್ಕೆ ಅತ್ತುಬಿಟ್ಟೆ.

ಅಂದಿನಿಂದ ಬಾಗಿಲು ತೆರೆಯುವ ತನಕ ಮೇಳ ಕದಲಬಾರದೆಂದಾಯಿತು. ಹಬ್ಬ ಬಂದಾಗ ಅರ್ಧ ಊರು ಹಾಗೇ ಉಳಿದಿತ್ತು. ಉಳಿದ ಮನೆಗಳಿಗೆ ಹೋಗುತ್ತಾ ಹೋಗುತ್ತಾ ಈಸ್ಟರಿಗೆ ಮುಂಚಿನ ಲೆಂತ್ ಕಾಲ ಬಂತು. ಉಪವಾಸದ ದಿನಗಳಲ್ಲಿ ಜನನದ ಹಾಡೇ ಎಂದು ಸಭಾಪಾಲಕರು ಹುಬ್ಬೇರಿಸಿದರು.

“ಅಯ್ಯನವರ, ಕೂಸು ಹುಟ್ಟೂ ಮುಂದ ಕ್ಯಾಲೆಂಡರ್ ನೋಡತೈತೇನ್ರಿ?” ಎಂದರು ಕಾಕಾ. ಅಯ್ಯನವರು ನಕ್ಕು ತಾವೂ ಬಂಡಿ ಹತ್ತಿದರು.

ಆಲಯದ ಹಬ್ಬ ಡಿಸೆಂಬರಿನಲ್ಲೇ ಇದೆ. ಅದರ ಜೊತೆಗೆ, ಮೇಳ ಬಂದ ದಿನ ಆಯಾ ಮನೆಯ ಕ್ರಿಸ್ಮಸ್. ಅದಕ್ಕೆ ಮನೆ-ಕ್ರಿಸ್ಮಸ್ ಎನ್ನುತ್ತೇವೆ. ಕೆಲವರಿಗೆ ಅದು ಈಸ್ಟರಿನ ಹೊಸ್ತಿಲಿಗೆ ಬರುತ್ತದೆ, ಯಾರೂ ಮುನಿಯುವುದಿಲ್ಲ. ಎಲ್ಲವನ್ನೂ ಒಂದೇ ತಿಂಗಳಲ್ಲಿ ತುರುಕುವ ಗೋಜಿಲ್ಲದ್ದರಿಂದ ಡಿಸೆಂಬರಿನ ಸಂಜೆ ಜನ ಆಲಯಕ್ಕೆ ಬಂದು ಕರ್ತನ ಸನ್ನಿಧಿಯಲ್ಲಿ ಸುಮ್ಮನೆ ಕೂರುತ್ತಾರೆ. ನೀವು ಕಳೆದುಕೊಂಡ ತಿಂಗಳನ್ನು ನಾವು ಗೆದ್ದು ತಂದೆವು, ಹಿರಿಯರೇ! ಹೆಮ್ಮೆ ಪಡಬಾರದು ಎನ್ನುತ್ತಾರೆ, ನನಗಂತೂ ಹೆಮ್ಮೆ ತಡೆಯಲಾಗುತ್ತಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ಬರುವ ಡಿಸೆಂಬರಿನಲ್ಲಿ ಒಂದು ಮನೆಯ ಮುಂದಾದರೂ ಎಂಜಿನ್ ಆರಿಸಿ, ಬಾಗಿಲು ತೆರೆಯುವ ತನಕ ನಿಲ್ಲಿ.

ಅಗೋ, ನಮ್ಮ ಅಂಗಳದಲ್ಲಿ ಮೊದಲ ಚರಣ ಶುರುವಾಯಿತು. ಮಂದ್ರ ಹಿಡಿದಿರುವವನು ದೀನಾಳ ಮಗ, ಅಂದು ಹೊಟ್ಟೆಯಲ್ಲಿದ್ದೇ ಹಾಡು ಕೇಳಿದವನು. ಈಗ ನನ್ನ ಮಂಡಿಗಳೂ ಕಾಕಾನ ಮಂಡಿಗಳಂತಾಗಿವೆ. ಕೋಲು ಮೂಲೆಯಲ್ಲಿದೆ, ತಟ್ಟೆ ಅಡುಗೆಮನೆಯಲ್ಲಿದೆ, ಬಾಗಿಲು ಇನ್ನೂ ದೂರ. ಇಷ್ಟು ಬರೆದು ಮುಗಿಸಿಯೇ ಏಳುತ್ತೇನೆ. ಅವರು ನಿಂತಿರುತ್ತಾರೆ.